ನೋಡುವವರ ಋಣ

ಬ್ರೆಜಿಲಿನಿಂದ ಮರಳಿದ ಸೋದರಳಿಯನು ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ತೆರೆದಿಟ್ಟು ಚಿತ್ರಗಳನ್ನು ಒಂದೊಂದಾಗಿ ತೋರಿಸತೊಡಗಿದಾಗ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹತ್ತಿರ ಸರಿದು ಕುಳಿತರು. ಹೊಳೆಯ ದಂಡೆಯ ಮರಳಿನಲ್ಲಿ ಮೈಚಾಚಿ ಮಲಗಿದ ಜಾಗ್ವಾರ್; ನೀರಿಗೆ ಧುಮುಕಿ, ಮೊಸಳೆಯ ಬಳಗಕ್ಕೆ ಸೇರಿದ ಕೈಮನ್ ಒಂದನ್ನು ತಲೆಗೆ ಕಚ್ಚಿ ದಡಕ್ಕೆಳೆಯುತ್ತಿರುವ ಜಾಗ್ವಾರ್; ಮರಿಯನ್ನು ಹಿಂದಿಟ್ಟುಕೊಂಡು ದೋಣಿಯತ್ತ ನಿರ್ಲಿಪ್ತವಾಗಿ ನೋಡುತ್ತಿರುವ ತಾಯಿ ಜಾಗ್ವಾರ್. ಐದು ದಿನಗಳಲ್ಲಿ ಒಂಬತ್ತು ಪ್ರಾಣಿಗಳು ಕಂಡವೆಂದು ಹುಡುಗ ಲೆಕ್ಕ ಒಪ್ಪಿಸಿದ. ಆಮೇಲೆ, ಯಾವ ದುರುದ್ದೇಶವೂ ಇಲ್ಲದೆ, ಒಂದು ಮಾತು ಕೇಳಿದ. “ಮಾವ, ನಿಮ್ಮ ಊರಿನಿಂದ ಎರಡು ಗಂಟೆಯ ದಾರಿಯಲ್ಲಿ ಮಧುಮಲೆ ಇದೆಯಲ್ಲ. ನೀವು ಎಷ್ಟು ಹುಲಿ ನೋಡಿದ್ದೀರಿ?”

ಮೇಷ್ಟ್ರು ನಕ್ಕು ಮಾತು ಮರೆಸಿದರು. ಒಂದನ್ನೂ ನೋಡಿರಲಿಲ್ಲ. ಗಡಿಜಿಲ್ಲೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಐಚ್ಛಿಕ ಕನ್ನಡ ಕಲಿಸಿದವರು ಅವರು. ಊಟಿಗೆ ಹೋಗುವ ಬಸ್ಸಿನಲ್ಲಿ ಆ ಕಾಡನ್ನು ಇಪ್ಪತ್ತು ಸಲವಾದರೂ ಹಾದಿದ್ದರು. ಹತ್ತೊಂಬತ್ತು ಸಲ ನಿದ್ದೆ ಮಾಡಿದ್ದರು. ತರಗತಿಯಲ್ಲಿ ಮಾತ್ರ ಕಾಡು ಅವರಿಗೆ ಬಾಯಿಪಾಠವಾಗಿತ್ತು. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ಪಾಠ ಮಾಡುವಾಗಲೆಲ್ಲ, ಊರಿನವರು ದಡ್ಡನೆಂದು ತಳ್ಳಿಹಾಕಿದ ಮಂದಣ್ಣನ ಕಣ್ಣಿಗೆ ವಿಜ್ಞಾನಿ ಕೊಟ್ಟ ಬೆಲೆಯನ್ನು ಅವರು ಮನಮುಟ್ಟುವಂತೆ ವಿವರಿಸುತ್ತಿದ್ದರು. ಹಾರುವ ಓತಿಯನ್ನು ಮೊದಲು ಕಂಡವನು ಮಂದಣ್ಣ. ಅವನನ್ನು ನಂಬಿದ್ದೇ ಕರ್ವಾಲೊ ಅವರ ದೊಡ್ಡತನ. ಈ ವಾಕ್ಯವನ್ನು ಎಷ್ಟು ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಪಡೆದರೋ ಲೆಕ್ಕವಿಲ್ಲ. ಆ ವಾಕ್ಯದ ಅರ್ಥ ತಮಗೇ ಪೂರ್ತಿ ತಿಳಿದಿರಲಿಲ್ಲವೆಂಬುದು ನಿವೃತ್ತಿಯಾದ ಮರುವರ್ಷ, ಒಂದು ಫೆಬ್ರವರಿಯಲ್ಲಿ, ಮೇಷ್ಟ್ರಿಗೆ ಗೊತ್ತಾಯಿತು.

ಹುಡುಗ ಹೋಗಿ ಬಂದದ್ದು ಪ್ಯಾಂಟನಾಲ್ ಎಂಬ ಜೌಗುನಾಡಿಗೆ. ಬಹುಪಾಲು ಬ್ರೆಜಿಲಿನಲ್ಲಿ, ಉಳಿದದ್ದು ಬೊಲಿವಿಯಾ ಮತ್ತು ಪೆರಗ್ವೆಗಳಲ್ಲಿ, ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿರುವ ನೆಲ ಅದು. ಮಳೆಗಾಲದಲ್ಲಿ ಕಡಲಿನಂತೆ ತುಂಬಿ, ಬೇಸಿಗೆಯಲ್ಲಿ ಹೊಳೆಗಳಾಗಿ, ಮಡುಗಳಾಗಿ ಒಡೆದುಕೊಳ್ಳುತ್ತದೆ. ನೀರು ಇಳಿದಾಗ ಬೇಟೆಯೆಲ್ಲ ಹೊಳೆಯಂಚಿಗೆ ಬಂದು ಸೇರುತ್ತದೆ; ಬೇಟೆಯ ಹಿಂದೆ ಜಾಗ್ವಾರ್ ಬರುತ್ತದೆ; ಜಾಗ್ವಾರಿನ ಹಿಂದೆ ದೋಣಿಗಳಲ್ಲಿ ಜನ ಬರುತ್ತಾರೆ. ಆ ನೆಲದ ಬಹುಭಾಗ ಖಾಸಗಿ ದನದ ಹುಲ್ಲುಗಾವಲು. ಕರು ಹೊತ್ತೊಯ್ದ ಜಾಗ್ವಾರನ್ನು ಗುಂಡಿಟ್ಟು ಕೊಲ್ಲುವುದು ಅಲ್ಲಿನ ದನಗಾಹಿಗಳ ಹಳೆಯ ರೂಢಿಯಾಗಿತ್ತು. ಸತ್ತ ಜಾಗ್ವಾರಿಗಿಂತ ಬದುಕಿರುವ ಜಾಗ್ವಾರ್ ಹೆಚ್ಚು ದುಡಿದು ಕೊಡುತ್ತದೆಂದು ಕಂಡುಕೊಂಡ ಮೇಲೆ ಹೊಳೆಯ ಬದಿಯ ಕೆಲವು ಕಡೆಗಳಲ್ಲಾದರೂ ಬಂದೂಕು ಕೆಳಗಿಳಿಯಿತು. ದೂರದಿಂದ ಬಂದು ನೋಡುವವನ ಹಣಕ್ಕೆ ಅಲ್ಲಿ ಅಷ್ಟು ಶಕ್ತಿಯಿದೆ. ಆದರೂ 2020ರ ಬೆಂಕಿಯಲ್ಲಿ ಆ ಜೌಗುನಾಡಿನ ಸುಮಾರು ಕಾಲು ಭಾಗ ಉರಿದುಹೋಯಿತು. ನೋಡಲು ಬರುವವರು ಹೆಚ್ಚಿದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ ಎಂಬುದನ್ನೂ ಹುಡುಗನೇ ಹೇಳಿದ್ದ.

ಹುಡುಗ ಊರು ಬಿಟ್ಟ ಎರಡನೆಯ ವಾರ ಮೇಷ್ಟ್ರು ಒಂದು ಚೀಲ, ಒಂದು ಹಳೆಯ ದೂರದರ್ಶಕ ಹಿಡಿದು ಬೆಳಗಿನ ಬಸ್ಸು ಹತ್ತಿದರು. ಈ ಸಲ ನಿದ್ದೆ ಮಾಡಲಿಲ್ಲ. ಬಂಡೀಪುರ ದಾಟಿ ಕೆಕ್ಕನಹಳ್ಳದ ತನಿಖಾ ಠಾಣೆಯಲ್ಲಿ ಬಸ್ಸು ನಿಂತಾಗ, ಕರ್ನಾಟಕ ಮುಗಿದು ತಮಿಳುನಾಡು ಆರಂಭವಾಗುವ ಗಡಿಗೆ ಒಂದು ಹಳ್ಳದ ಹೆಸರೇ ಇರುವುದನ್ನು ಮೊದಲ ಬಾರಿಗೆ ಗಮನಿಸಿದರು. ಗಡಿ ದಾಟಿದ ಮೇಲೂ ಹೆಸರುಗಳು ಕನ್ನಡವನ್ನು ಬಿಡಲಿಲ್ಲ. ಮಸಿನಗುಡಿಯಲ್ಲಿ ‘ಗುಡಿ’ ಇದೆ. ಅದರಾಚೆಯ ಮಾವನಹಳ್ಳದಲ್ಲಿ ‘ಹಳ್ಳ’ ಇದೆ. ಇಂಗ್ಲಿಷ್ ಫಲಕದಲ್ಲಿ ಹಕಾರ ಉದುರಿ ಅದು ‘ಮಾವನಲ್ಲ’ ಆಗಿದೆ, ಅಷ್ಟೆ. ಊಟಿಗೆ ಮೂವತ್ತಾರು ತಿರುವುಗಳಲ್ಲಿ ಏರುವ ಘಟ್ಟಕ್ಕೆ ಕಲ್ಲಟ್ಟಿ ಎಂದು ಹೆಸರು. ಅದರ ಬಾಲದಲ್ಲಿ ಬಡಗರ ‘ಹಟ್ಟಿ’ ಅಡಗಿದೆ. ಎಲ್ಲದರ ನೆತ್ತಿಯಲ್ಲಿ 2637 ಮೀಟರ್ ಎತ್ತರದ ಶಿಖರ ದೊಡ್ಡಬೆಟ್ಟವೆಂದೇ ಕರೆಸಿಕೊಳ್ಳುತ್ತದೆ. ಬಡಗು ಎಂದರೆ ಉತ್ತರ ದಿಕ್ಕು ಎಂದು ಹಳಗನ್ನಡದ ಪಾಠದಲ್ಲಿ ಮೇಷ್ಟ್ರು ನೂರು ಬಾರಿ ಹೇಳಿದ್ದರು. ಉತ್ತರದ ಮೈಸೂರು ಸೀಮೆಯಿಂದ ಈ ಬೆಟ್ಟವೇರಿ ಬಂದವರೆಂದು ಹೇಳಿಕೊಳ್ಳುವ ಜನರು ಆ ದಿಕ್ಕನ್ನೇ ಇಂದಿಗೂ ಹೆಸರಾಗಿ ಹೊತ್ತಿದ್ದಾರೆಂಬುದು ಬಸ್ಸಿನ ಕಿಟಕಿಯ ಬಳಿ ಕುಳಿತಾಗ ಬೇರೆಯೇ ಅರ್ಥ ಕೊಟ್ಟಿತು. ನಿಘಂಟಿನಲ್ಲಿ ಒಣಗಿದಂತೆ ಕಂಡಿದ್ದ ಪದ ಇಲ್ಲಿ ಹಸಿರಾಗಿತ್ತು.

ಮಧ್ಯಾಹ್ನ ತೆಪ್ಪಕಾಡಿನಲ್ಲಿ ಅರಣ್ಯ ಇಲಾಖೆಯ ವಾಹನದಲ್ಲಿ ಸ್ಥಳ ಸಿಕ್ಕಿತು. ದಕ್ಷಿಣ ಭಾರತದ ಮೊದಲ ಅಭಯಾರಣ್ಯಗಳಲ್ಲಿ ಒಂದೆಂದು 1940ರಲ್ಲಿ ಗುರುತಾದ ಕಾಡು ಅದು. ಹುಲಿ ಮೀಸಲು ಆದದ್ದು 2007ರಲ್ಲಿ. ವಾಹನದಲ್ಲಿದ್ದ ಇಪ್ಪತ್ತು ಜನರಿಗೂ ಇದ್ದದ್ದು ಒಂದೇ ಪ್ರಶ್ನೆ. ಚುಕ್ಕೆಜಿಂಕೆಯ ಹಿಂಡು ಕಂಡಾಗ ಫೋನುಗಳು ಮೇಲೆದ್ದವು. ಎರಡನೆಯ ಹಿಂಡಿಗೆ ಅರ್ಧದಷ್ಟು ಇಳಿದವು. ಮೂರನೆಯದನ್ನು ಯಾರೂ ನೋಡಲಿಲ್ಲ. ಬಿದಿರಿನ ಮರೆಯಲ್ಲಿ ಕಾಟಿಯೊಂದು ನಿಂತಿತ್ತು. ಮರದ ಮೇಲೆ ಮುಸುವಗಳು ಕುಳಿತಿದ್ದವು. ಹುಲಿ ಇಲ್ಲ. ಒಂದು ಗಂಟೆಯೊಳಗೆ ವಾಹನ ಮರಳಿತು. ‘ದುಡ್ಡು ದಂಡ’ ಎಂದು ಹಿಂದಿನ ಸೀಟಿನವರು ಗೊಣಗಿದರು. ಮೇಷ್ಟ್ರು ಬಾಯಿಬಿಟ್ಟು ಹಾಗೆನ್ನಲಿಲ್ಲ, ಮನಸ್ಸಿನಲ್ಲಿ ಅಂದುಕೊಂಡರು.

ಮರುದಿನ ಬೆಳಿಗ್ಗೆ ಮಸಿನಗುಡಿಯ ಟೀ ಅಂಗಡಿಯ ಎದುರು ಜೀಪು ನಿಲ್ಲಿಸಿಕೊಂಡಿದ್ದ ಹುಡುಗನೊಬ್ಬ, ಇವರ ಕನ್ನಡ ಕೇಳಿ ತಾನೂ ಕನ್ನಡದಲ್ಲೇ ಮಾತಾಡಿದ. ಊರಿನ ಸುತ್ತ ರಸ್ತೆಯಲ್ಲೇ ಒಂದು ಸುತ್ತು ಹೋಗಬಹುದು, ಕಾಡಿನೊಳಗೆ ಖಾಸಗಿ ಗಾಡಿ ಬಿಡುವುದಿಲ್ಲ ಎಂದು ಮೊದಲೇ ಹೇಳಿದ. ಮುಂದಿನ ಸೀಟಿನಲ್ಲಿ ಅವನ ತಾತ ಕುಳಿತಿದ್ದರು. ಅವರಿಗೆ ಹೊರಗೆ ಹೋಗಿ ಕುಳಿತರೆ ಮಾತ್ರ ಸಮಾಧಾನವಂತೆ. ಕಾಟ್ಟುನಾಯಕನ್ ಎಂದು ತಮಿಳುನಾಡಿನ ದಾಖಲೆ ಅವರನ್ನು ಕರೆಯುತ್ತದೆ. ಮೋಯಾರು ಹೊಳೆಯ ಈಚೆಗಾದರೆ ಅವರೇ ಜೇನುಕುರುಬರು. ತಾತ ಬೇಟೆ ತಡೆಯುವ ಕಾವಲಿನಲ್ಲಿ ಬಹಳ ವರ್ಷ ದಿನಗೂಲಿಗೆ ದುಡಿದಿದ್ದರು. ಮೊಮ್ಮಗನೊಡನೆ ಅವರು ಆಡುತ್ತಿದ್ದ ಮಾತಿಗೆ ಮೇಷ್ಟ್ರು ಕಿವಿಗೊಟ್ಟರು. ಪೂರ್ತಿ ತಿಳಿಯಲಿಲ್ಲ, ಪೂರ್ತಿ ತಿಳಿಯದೆಯೂ ಇರಲಿಲ್ಲ. ಗೋಡೆಯಾಚೆ ನೆಂಟರು ಮಾತಾಡಿಕೊಳ್ಳುತ್ತಿರುವಂತೆ ಇತ್ತು.

“ಹುಲಿ ಸಿಗುತ್ತದೆಯೇ?” ಎಂದು ಮೇಷ್ಟ್ರು ಕೇಳಿದರು. ಮುಂದಿನ ಸೀಟಿನ ಹಿರಿಯರನ್ನು ಅವರು ಕೇಳಿರಲಿಲ್ಲ. ಜೀಪಿನ ಹುಡುಗನನ್ನು ಕೇಳಿದ್ದರು. ಉತ್ತರ ತಾತನಿಂದ ಬಂತು. “ಸಿಕ್ಕಿದೆಯಲ್ಲ ಸ್ವಾಮಿ.” ಜೀಪು ನಿಂತಿತು. ರಸ್ತೆಯ ಧೂಳಿನ ಅಂಚಿನಲ್ಲಿ ಒಂದು ಹೆಜ್ಜೆಯ ಗುರುತು. ಅದರ ಮೇಲೆ ಇಬ್ಬನಿ ಬಿದ್ದು ಧೂಳು ಗಟ್ಟಿಯಾಗಿತ್ತು. ಇಬ್ಬನಿ ಬೀಳುವ ಮುಂಚೆ ನಡೆದದ್ದು, ಎಂದರೆ ಹೊತ್ತು ಮೂಡುವುದಕ್ಕೆ ಬಹಳ ಮೊದಲು. ಹೆಜ್ಜೆಯ ಬೆರಳುಗಳು ನೀಳವಾಗಿವೆ, ಹೆಣ್ಣು. ಎಲ್ಲಿಯೂ ನಿಂತಿಲ್ಲ, ಹಸಿದಿಲ್ಲ. ಹಿಂದಿನ ದಿನ ಇಪ್ಪತ್ತು ಜನ ಹಣ ತೆತ್ತು ಕಾಣದೆ ಹೋದದ್ದನ್ನು ತಾತ ಜೀಪಿನಿಂದ ಇಳಿಯದೆಯೇ ಓದಿ ಮುಗಿಸಿದರು. ಕಾವ್ಯದ ಒಂದು ಪದ್ಯವನ್ನು ಅನ್ವಯಿಸಿ, ಪದವಿಭಾಗ ಮಾಡಿ, ಭಾವ ಹೇಳುವ ಕ್ರಮ ಮೇಷ್ಟ್ರಿಗೆ ಗೊತ್ತಿತ್ತು. ಇದೂ ಅದೇ ಕ್ರಮ. ಪಠ್ಯ ಮಾತ್ರ ಧೂಳಿನಲ್ಲಿತ್ತು.

ಮಂದಣ್ಣನನ್ನು ತಾವು ಪುಸ್ತಕದಲ್ಲಿ ಮಾತ್ರ ಗುರುತಿಸುತ್ತಿದ್ದೆವೆಂಬುದು ಆ ಕ್ಷಣದಲ್ಲಿ ಮೇಷ್ಟ್ರಿಗೆ ಚುಚ್ಚಿತು. ಜೀಪಿಗೆ ಹತ್ತಿ ಅರ್ಧ ಗಂಟೆಯಾಗಿದ್ದರೂ ಆ ಹಿರಿಯರಿಗೆ ಒಂದು ನಮಸ್ಕಾರವನ್ನೂ ಅವರು ಹೇಳಿರಲಿಲ್ಲ.

ಆಮೇಲೆ ಪ್ರಶ್ನೆಗಳನ್ನು ತಾತನಿಗೇ ಕೇಳತೊಡಗಿದರು. ರಸ್ತೆಯ ಎರಡೂ ಬದಿಗೆ ಆಳೆತ್ತರ ಬೆಳೆದ, ಕೆಂಪು ಹಳದಿ ಹೂಬಿಟ್ಟ ಪೊದೆಯ ಗೋಡೆಯನ್ನು ತೋರಿಸಿ, ಇದರೊಳಗೆ ಪ್ರಾಣಿ ಹೇಗೆ ಕಾಣುತ್ತದೆ ಎಂದು ಕೇಳಿದರು. ಕಾಣುವುದಿಲ್ಲ, ಅದೇ ತೊಂದರೆ ಎಂದರು ತಾತ. ಅವರು ಹುಡುಗರಾಗಿದ್ದಾಗ ಅಲ್ಲಿ ಹುಲ್ಲಿತ್ತು. ಅದು ಲಂಟಾನ. ಹುಟ್ಟೂರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯ. 19ನೆಯ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ಬ್ರಿಟಿಷರು ಭಾರತಕ್ಕೆ ತಂದದ್ದು ಬೇಲಿ ದಾಟಿ, ಹಕ್ಕಿಗಳ ಹೊಟ್ಟೆಯಲ್ಲಿ ಬೀಜವಾಗಿ ಹರಡಿ, ಹುಲ್ಲನ್ನು ಅದುಮಿ, ಜಿಂಕೆಯ ಮೇವನ್ನು ಕಿತ್ತುಕೊಂಡಿತು. ಸೋದರಳಿಯ ಸಾವಿರಾರು ಮೈಲಿ ಹಾರಿ ಹೋಗಿ ನೋಡಿಬಂದ ಖಂಡ ಎರಡು ಶತಮಾನಗಳ ಹಿಂದೆಯೇ ಇಲ್ಲಿಗೆ ಬಂದು ಬೇರೂರಿದೆ ಎಂದು ಮೇಷ್ಟ್ರಿಗೆ ಅನಿಸಿತು. ಬಂದದ್ದು ಅದೊಂದೇ ಅಲ್ಲ. ಆಂಡೀಸ್ ಬೆಟ್ಟಗಳ ಆಲೂಗಡ್ಡೆ ಬಡಗರ ಹೊಲದಲ್ಲಿದೆ. ಅದೇ ಬೆಟ್ಟಗಳಿಂದ 1860ರ ಸುಮಾರಿಗೆ ಕ್ಲೆಮೆಂಟ್ಸ್ ಮಾರ್ಖಮ್ ತರಿಸಿದ ಸಿಂಕೋನ ಗಿಡಗಳು ದೊಡ್ಡಬೆಟ್ಟದಲ್ಲಿಯೂ ಗುಡಲೂರಿನ ದಾರಿಯ ನಡುವಟ್ಟಂನಲ್ಲಿಯೂ ತೋಟಗಳಾಗಿ, ಅವುಗಳ ತೊಗಟೆಯ ಕ್ವಿನೈನ್ ಮಲೇರಿಯಾದ ಮದ್ದಾಯಿತು. ದೂರದ ಗಿಡ ಒಂದು ಹೊಟ್ಟೆ ತುಂಬಿಸಿತು, ಒಂದು ಜ್ವರ ಇಳಿಸಿತು, ಒಂದು ಕಾಡನ್ನು ನುಂಗಿತು.

ಗುಡಲೂರಿನ ಕಡೆಯ ಬೆಟ್ಟಕುರುಬರು, ಪಣಿಯರು, ಕಾಟ್ಟುನಾಯಕರು ಈಗ ಆ ಲಂಟಾನವನ್ನೇ ಕಡಿದು, ಬೇಯಿಸಿ, ಸಿಪ್ಪೆ ಸುಲಿದು, ಅದರ ಕಡ್ಡಿಗಳಿಂದ ನಿಜ ಗಾತ್ರದ ಆನೆಗಳನ್ನು ಕಟ್ಟುತ್ತಾರೆ. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. 2024ರಲ್ಲಿ ಅಮೆರಿಕಕ್ಕೂ ಹೋದವು. ಬೆಂಗಳೂರಿನಿಂದ ಆನೆ ನೋಡಲು ಗುಡಲೂರಿಗೆ ಬರುವವರು ರಸ್ತೆಯಲ್ಲಿರುವಾಗ, ಗುಡಲೂರಿನ ಆನೆಗಳು ಹಡಗು ಹತ್ತಿ ಹೋಗಿದ್ದವು. ಈ ಮಾತು ಹೇಳಿ ಜೀಪಿನ ಹುಡುಗ ಜೋರಾಗಿ ನಕ್ಕ.

ಹೊತ್ತು ಏರಿ ನೆಲ ಕಾದಂತೆ ಆಕಾಶದಲ್ಲಿ ಕಪ್ಪು ಚುಕ್ಕೆಗಳು ಸುತ್ತತೊಡಗಿದವು. ತಾತ ಬೆರಳೆತ್ತಿ ತೋರಿಸಿದರು. ಮೇಷ್ಟ್ರು ದೂರದರ್ಶಕ ಹಿಡಿದರು. ಅಗಲವಾದ ರೆಕ್ಕೆ, ಬೆನ್ನಿನ ಕೆಳಗೆ ಬಿಳಿಯ ಪಟ್ಟೆ. ರಣಹದ್ದುಗಳು. ಹಳೆಯ ಕಾವ್ಯಗಳ ಯುದ್ಧವರ್ಣನೆಯಲ್ಲಿ ಹದ್ದುಗಳ ಔತಣವನ್ನು ಎಷ್ಟೋ ಬಾರಿ ವಿವರಿಸಿದ್ದ ಮೇಷ್ಟ್ರು ಜೀವಂತ ರಣಹದ್ದನ್ನು ನೋಡಿದ್ದು ಅಂದೇ ಮೊದಲು. ದನಗಳಿಗೆ ನೋವಿಗೆಂದು ಕೊಟ್ಟ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿತು. 1990ರ ದಶಕದಿಂದ ಹತ್ತಿಪ್ಪತ್ತು ವರ್ಷಗಳಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳು ನೂರಕ್ಕೆ 99ಕ್ಕಿಂತ ಹೆಚ್ಚು ನಾಶವಾದವು. ಪಶುಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. ದಕ್ಷಿಣದಲ್ಲಿ ಅವು ಗೂಡು ಕಟ್ಟಿ ಉಳಿದಿರುವ ಮುಖ್ಯ ತಾಣಗಳಲ್ಲಿ ಮೋಯಾರು ಕಣಿವೆ ಒಂದು. ನೀರಿನಂಚಿನ ಹೊಳೆಮತ್ತಿ ಮರಗಳಲ್ಲಿ ಗೂಡು. ವರ್ಷಕ್ಕೆ ಒಂದೇ ಮೊಟ್ಟೆ.

ಇಲ್ಲಿಯೂ ದನಗಳಿವೆ, ಇಲ್ಲಿಯೂ ಕರು ಹೊತ್ತೊಯ್ಯುವ ಹುಲಿಯಿದೆ. ಸಿಟ್ಟಿಗೆದ್ದ ಯಾರಾದರೂ ಹುಲಿ ಅರ್ಧ ತಿಂದ ಕಳೇಬರಕ್ಕೆ ವಿಷ ಹಾಕಿದರೆ, ಹುಲಿಯೊಂದಿಗೆ ಆಕಾಶದಿಂದ ಇಳಿಯುವ ಹದ್ದುಗಳೂ ಸಾಯುತ್ತವೆ. ಪ್ಯಾಂಟನಾಲಿನ ದನಗಾಹಿಯ ಬಂದೂಕಿನ ಕಥೆ ಇಲ್ಲಿ ವಿಷದ ಸೀಸೆಯ ಕಥೆ. ಆದ್ದರಿಂದಲೇ ಒಂದು ಕರುವಿನ ಪರಿಹಾರ ಹೊತ್ತಿಗೆ ಸರಿಯಾಗಿ ಬಡವನ ಕೈ ಸೇರುವುದು ಸಣ್ಣ ಸಂಗತಿಯಲ್ಲ. ಒಂದು ಗೂಡಿನ ಒಂದೇ ಮೊಟ್ಟೆ ಅದರ ಮೇಲೆ ನಿಂತಿದೆ.

ಬೊಕ್ಕಾಪುರದ ಕಡೆ ತಿರುಗಿದಾಗ ಬೀಗ ಬಿದ್ದ ಕಬ್ಬಿಣದ ಗೇಟೊಂದು ಕಂಡಿತು. ಒಳಗೆ ಒಣಗಿದ ಹುಲ್ಲು, ಬಣ್ಣ ಮಾಸಿದ ಕುಟೀರಗಳು. ನೀಲಗಿರಿಯ ಎತ್ತರಕ್ಕೂ ಮೋಯಾರು ಕಮರಿಗೂ ನಡುವೆ ಸಿಕ್ಕಿಕೊಂಡ ಈ ಸೀಗೂರು ಪ್ರಸ್ಥಭೂಮಿಯೇ ಪಶ್ಚಿಮಘಟ್ಟದ ಆನೆಗಳು ಪೂರ್ವಘಟ್ಟದತ್ತ ನಡೆಯುವ ದಾರಿ. ಆ ದಾರಿಯ ಮೇಲೆಯೇ ನೋಡುವವರಿಗಾಗಿ ವಸತಿಗೃಹಗಳು ಎದ್ದವು, ಬೇಲಿಗಳು ಬಂದವು. 2010ರಲ್ಲಿ ತಮಿಳುನಾಡು ಸರ್ಕಾರ ಇದನ್ನು ಆನೆಪಥವೆಂದು ಅಧಿಸೂಚನೆ ಹೊರಡಿಸಿತು. ಮರುವರ್ಷ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2018ರಲ್ಲಿ ಹಲವು ಕಟ್ಟಡಗಳಿಗೆ ಬೀಗ ಬಿದ್ದು, 2020ರ ಅಕ್ಟೋಬರ್ 14ರಂದು ಸುಪ್ರೀಂ ಕೋರ್ಟ್ ಆನೆಗಳ ಹಕ್ಕನ್ನು ಅಂತಿಮವಾಗಿ ಮಾನ್ಯ ಮಾಡಿತು. ಅದಾಗಿ ಮೂರು ತಿಂಗಳು ತುಂಬಿತ್ತು, ಅಷ್ಟೆ. ಮಸಿನಗುಡಿಯಲ್ಲಿ ಒಂದು ವಸತಿಗೃಹದ ಬಳಿ ಬಂದ, ಮೊದಲೇ ಗಾಯಗೊಂಡಿದ್ದ ಗಂಡಾನೆಯ ಮೇಲೆ ಬೆಂಕಿ ಹಚ್ಚಿದ ವಸ್ತುವನ್ನು ಎಸೆದರು. ಅದು ಕಿವಿಗೆ ಅಂಟಿಕೊಂಡು ಉರಿಯಿತು. 2021ರ ಜನವರಿಯಲ್ಲಿ, ಚಿಕಿತ್ಸೆಗೆಂದು ತೆಪ್ಪಕಾಡಿನ ಶಿಬಿರಕ್ಕೆ ಲಾರಿಯಲ್ಲಿ ಒಯ್ಯುವಾಗ ಆ ಆನೆ ಸತ್ತಿತು. ಅದರ ಸೊಂಡಿಲು ನೇವರಿಸುತ್ತ ಕಾವಲುಗಾರನೊಬ್ಬ ಬಿಕ್ಕಿ ಅತ್ತ ದೃಶ್ಯವನ್ನು ನಾಡೆಲ್ಲ ನೋಡಿತು. ಅದನ್ನು ನೆನೆದ ತಾತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆನೆಯನ್ನು ತೋರಿಸಲೆಂದು ಎದ್ದ ಮನೆಗೆ ಆನೆ ಬಂದಿತ್ತು. ಬಂದದ್ದೇ ಅದರ ತಪ್ಪಾಯಿತು.

ಆದರೆ ಹುಡುಗ ಇನ್ನೊಂದು ಮಾತು ಹೇಳಿದ. ಬೀಗ ಬಿದ್ದ ಮೇಲೆ ಜೀಪಿಗೆ ಬಾಡಿಗೆ ಕಡಿಮೆಯಾಯಿತು. ಅಡುಗೆಗೆ, ತೋಟಕ್ಕೆ ಹೋಗುತ್ತಿದ್ದ ಊರಿನ ಹೆಂಗಸರಿಗೆ ಕೆಲಸ ಹೋಯಿತು. “ಆನೆಗೆ ದಾರಿ ಬೇಕು ಸಾರ್, ಅದು ಸರಿ. ನಮಗೂ ಒಂದು ದಾರಿ ಬೇಕಲ್ಲ?” ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ತಾತನ ವಿದ್ಯೆಯನ್ನು ನೀನು ಕಲಿತಿದ್ದೀಯಾ ಎಂದು ಮಾತ್ರ ಕೇಳಿದರು. ಸ್ವಲ್ಪ ಗೊತ್ತು ಎಂದ ಹುಡುಗ. ಹೆಜ್ಜೆ ತೋರಿಸಿದರೆ ಯಾರೂ ದುಡ್ಡು ಕೊಡುವುದಿಲ್ಲ. ಹುಲಿ ತೋರಿಸಿದರೆ ಕೊಡುತ್ತಾರೆ. ಈ ಕೆಲಸ ನಡೆಯದಿದ್ದರೆ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುವ ಯೋಚನೆಯಿದೆ.

ಆ ಮಾತು ಮೇಷ್ಟ್ರನ್ನು ದಿನವಿಡೀ ಕಾಡಿತು. ಹುಡುಗ ತಿರುಪ್ಪೂರಿಗೆ ಹೋದರೆ ಧೂಳಿನ ಪಠ್ಯವನ್ನು ಓದುವವರಿಲ್ಲ. ಅದನ್ನು ಓದಲು ಬೇಕಾದ ಮಾತುಗಳು, ಕನ್ನಡದ ಒಡಹುಟ್ಟಿದ ಮಾತುಗಳು, ತಾತನೊಂದಿಗೆ ಮುಗಿಯುತ್ತವೆ. ಕಾಡು ಆಗಲೂ ಇರಬಹುದು. ಅದು ಯಾರಿಗೂ ಅರ್ಥವಾಗದ ಶಾಸನದಂತೆ ಇರುತ್ತದೆ. ಪ್ರವಾಸಿಗರು ಹುಲಿಯ ಬೆಲೆಯನ್ನಷ್ಟೇ ಕಟ್ಟಿದರು, ಹೆಜ್ಜೆಯ ಬೆಲೆಯನ್ನು ಕಟ್ಟಲಿಲ್ಲ. ಜೀಪಿನಿಂದ ಇಳಿಯುವಾಗ ಮೇಷ್ಟ್ರು ಹುಡುಗನಿಗೆ ಬಾಡಿಗೆ ಕೊಟ್ಟರು. ಬಳಿಕ ಅಷ್ಟೇ ಮೊತ್ತವನ್ನು ಬೇರೆಯಾಗಿ ಎಣಿಸಿ, ಎರಡೂ ಕೈಯಲ್ಲಿ ಹಿಡಿದು ತಾತನಿಗೆ ಕೊಟ್ಟರು. “ಇದು ಯಾಕೆ ಸ್ವಾಮಿ?” ಎಂದರು ತಾತ. “ಪಾಠಕ್ಕೆ” ಎಂದರು ಮೇಷ್ಟ್ರು. ಹುಡುಗ ಸ್ಟಿಯರಿಂಗ್ ಹಿಡಿದು ಅದನ್ನು ನೋಡುತ್ತಿದ್ದ. ಅವನು ನೋಡಲಿ ಎಂಬುದೂ ಮೇಷ್ಟ್ರ ಉದ್ದೇಶವಾಗಿತ್ತು. ಒಂದು ದಿನದ ಎರಡು ಬಾಡಿಗೆಯಿಂದ ಒಬ್ಬ ಹುಡುಗನ ದಾರಿ ತಿರುಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಸಂಜೆಯ ಬಸ್ಸು ತಡವಾಗಿ ಬಂದಿತು. ಬಂಡೀಪುರದ ಮೂಲಕ ಹಾಯುವ ಈ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನಸಂಚಾರಕ್ಕೆ ನಿರ್ಬಂಧವಿದೆ. ಬಸ್ಸು ಮೇಲುಕಾಮನಹಳ್ಳಿಯ ತನಿಖಾ ಠಾಣೆ ದಾಟಿ ಟೀಗೆಂದು ನಿಂತಾಗ ಒಂಬತ್ತಕ್ಕೆ ಕೆಲವೇ ನಿಮಿಷಗಳಿದ್ದವು. ಅಷ್ಟರಲ್ಲಿ ಸೋದರಳಿಯನ ಕರೆ ಬಂತು. “ಏನಾಯ್ತು ಮಾವ, ಎಷ್ಟು ಕಂಡವು?”

“ಒಂದು” ಎಂದರು ಮೇಷ್ಟ್ರು. “ನಾನು ಏಳುವ ಹೊತ್ತಿಗೆ ಅದು ನಡೆದು ಹೋಗಿತ್ತು.”

ಹುಡುಗನಿಗೆ ಅರ್ಥವಾಗಲಿಲ್ಲ; ಬಂದಾಗ ವಿವರಿಸುತ್ತೇನೆ, ಮುಂದಿನ ರಜೆಯಲ್ಲಿ ಇಬ್ಬರೂ ಹೋಗೋಣ ಎಂದು ಹೇಳಿ ಫೋನಿಟ್ಟರು. ಠಾಣೆಯ ಸಿಬ್ಬಂದಿ ಅಡ್ಡಗಂಬವನ್ನು ಇಳಿಸಿದರು. ಕಾಡಿನ ಕಡೆಯ ರಸ್ತೆಯಲ್ಲಿ ಕೊನೆಯ ಬೆಳಕು ಆರಿತು. ಮೇಷ್ಟ್ರು ಲೋಟ ಹಿಡಿದು ಆ ಕತ್ತಲನ್ನು ಬಹಳ ಹೊತ್ತು ನೋಡಿದರು. ಏನೂ ಕಾಣಲಿಲ್ಲ. ಅಂದು ರಾತ್ರಿ ಆ ರಸ್ತೆಯನ್ನು ಯಾರು ಯಾರು ದಾಟಿದರೆಂಬುದು ಮರುದಿನದ ಧೂಳಿನಲ್ಲಿತ್ತು.